ಕೋರಂ ಬರಿಸುವ ಮರಿಸಿದ್ದಯ್ಯ

ಬೆಳಗಿನ ಐದೂವರೆ. ನಿಡಘಟ್ಟದ ಹಿಂಬೀದಿಯಲ್ಲಿ ಹಳೆಯ ಮೊಪೆಡ್ ಒಂದು ಕೆಮ್ಮಿ ನಿಲ್ಲುತ್ತದೆ. ಅದರ ಮೇಲೆ ಕೂತೇ ಮರಿಸಿದ್ದಯ್ಯ ಕಿಟಕಿ ತಟ್ಟುತ್ತಾರೆ. "ಮಂಗಳಕ್ಕಾ, ಓಟಾಕ್ಬುಟ್ಟು ಮನಿಕೋ!" ಒಳಗಿಂದ ಮೊದಲು ಬೈಗುಳ, ಆಮೇಲೆ ಫೋನು ಹಿಡಿದ ಕೈ ಹೊರಬರುತ್ತವೆ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಆಚೆಗೆ ಮಾತ್ರ. ಮಂಗಳಮ್ಮ ಒತ್ತುತ್ತಾರೆ, ಮರಿಸಿದ್ದಯ್ಯ ಚೀಟಿಯಲ್ಲಿ ಗೀಟು ಹಾಕಿ ಮುಂದಿನ ಮನೆಗೆ ಹೊರಡುತ್ತಾರೆ.

ಇಲ್ಲಿನ ಎಳನೀರು ಬೆಳೆಗಾರರ ಬಳಗಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯೂ ಇಲ್ಲ. ಹಿಂದಿನ ಅಧ್ಯಕ್ಷರೊಬ್ಬರು ನಡಾವಳಿ ಪುಸ್ತಕವನ್ನು ಮನೆಗೆ ಒಯ್ದು, ಬೇಡದ ಪುಟ ಹರಿದು, ಬೇಕಾದ್ದನ್ನು ಬರೆದುಕೊಂಡಿದ್ದರು. ಆ ಸಿಟ್ಟಿಗೆ ಬಳಗ ಬ್ಲಾಕ್‌ಚೈನ್‌ಗೆ ಹೋಯಿತು. ದಾಖಲೆಯ ಪ್ರತಿ ಎಲ್ಲರ ಬಳಿಯೂ ಇರುತ್ತದೆ, ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾರರು. ಯಾವ ಲಾರಿ, ಯಾವ ತೋಟದ ಸರದಿ, ಎಲ್ಲಕ್ಕೂ ಸದಸ್ಯರೇ ಬೆಳಿಗ್ಗೆ ಏಳರೊಳಗೆ ಫೋನಿನಲ್ಲಿ ಓಟು ಹಾಕಬೇಕು. ನೂರ ಮೂವತ್ತೆರಡು ಸದಸ್ಯರಲ್ಲಿ ಅರವತ್ತೇಳು ಮಂದಿ ಹಾಕದಿದ್ದರೆ ಕೋರಂ ಇಲ್ಲ, ಲಾರಿಯೂ ಇಲ್ಲ. ಸ್ವರಾಜ್ಯವೇನೋ ಬಂತು, ಎದ್ದು ಅದನ್ನು ನಡೆಸುವವರು ಯಾರು? ಮೊದಲ ವಾರವೇ ಮೂರು ಲೋಡು ಎಳನೀರು ತೋಟದಲ್ಲೇ ಉಳಿಯಿತು. ಆಗ ಮರಿಸಿದ್ದಯ್ಯನವರನ್ನು ಸಂಬಳಕ್ಕೆ ಇಟ್ಟುಕೊಂಡರು.

ಅವರಿಗೆ ಐವತ್ತೆಂಟು. ಮೊದಲು ಮದ್ದೂರಿನಲ್ಲಿ ಆಟೊಗೆ ಮೈಕು ಕಟ್ಟಿಕೊಂಡು ಪ್ರಚಾರ ಮಾಡುತ್ತಿದ್ದರು. ರೆಕಾರ್ಡು ಮಾಡಿದ ದನಿ ಬಂದ ಮೇಲೆ ಆ ಕೆಲಸ ಹೋಯಿತು. ಈಗ ದಿನಕ್ಕೆ ಐದು ಊರು, ಮೂವತ್ತೆಂಟು ಕಿಲೋಮೀಟರು. ನಾಯಿ ಕಡಿದದ್ದು ಈವರೆಗೆ ಎರಡು ಸಲ. ಇಪ್ಪತ್ತು ಮರವಿರುವ ಅವರೂ ಬಳಗದ ಸದಸ್ಯರೇ, ಬೆಳಿಗ್ಗೆ ಐದಕ್ಕೆ ಮೊದಲ ಓಟು ಅವರದೇ.

ಹೋದಲ್ಲೆಲ್ಲ ರಾಜಕೀಯ. ಮುನ್ನೂರು ಮರದ ಚಿಕ್ಕಬೋರಯ್ಯ ಮರಕ್ಕೊಂದು ಓಟು ಬೇಕೆನ್ನುತ್ತಾರೆ. "ಮರ ಎದ್ಬಂದು ಓಟಾಕ್ತದಾ? ಆಳ್ಗೊಂದೇ ಓಟು" ಎನ್ನುವುದು ಮಂಗಳಮ್ಮನ ವಾದ. ಬಳಗಕ್ಕೆ ಈ ಓಟಿನ ಪ್ರೋಗ್ರಾಂ ತಂದುಕೊಟ್ಟ ಪುಟ್ಟರಾಜು ಇಬ್ಬರನ್ನೂ ಒಪ್ಪುವುದಿಲ್ಲ. ಅವರ ಪ್ರಕಾರ ಪ್ರೋಗ್ರಾಂ ಹೇಳಿದ್ದೇ ಕಾನೂನು, ನಡುವೆ ಮನುಷ್ಯನ ಕೈ ಇರಬಾರದು. ಇವತ್ತಿನ ಗೊತ್ತುವಳಿ ಅವರದೇ: ಎಬ್ಬಿಸುವ ಹುದ್ದೆ ರದ್ದು. ಅದಕ್ಕೂ ಕೋರಂ ಬೇಕಲ್ಲ, ಬರಿಸಲು ಹೊರಟವರು ಮರಿಸಿದ್ದಯ್ಯ.

"ಸುಮ್ಕೆ ಮನಿಕಂಡಿದ್ರೆ ಕೋರಂ ಬತ್ತಿರ್ನಿಲ್ಲ, ಕೆಲ್ಸ ಉಳೀತಿತ್ತು ಅಂತ ನಮ್ಮನೆಯೋಳು ಬೋಯ್ತಾವ್ಳೆ" ಎನ್ನುತ್ತಾರೆ ಅವರು. "ಆದ್ರೆ ಸಂಬ್ಳ ಕೊಡ್ತಿರಾದು ಎಬ್ಬಿಸಾಕೆ. ನಂಗ್ ಬೇಕಾದ್ ದಿನ ಎಬ್ಬಿಸಿ, ಬ್ಯಾಡ್ದಿದ್ ದಿನ ಬುಟ್ರೆ, ಆ ಪುಸ್ತಕ ಅರ್ದೋನ್ಗೂ ನಂಗೂ ಏನ್ ವ್ಯತ್ಯಾಸ?"

ಆರು ಐವತ್ತೆರಡು. ಚೀಟಿಯಲ್ಲಿ ಅರವತ್ತಾರು ಗೀಟು. ಉಳಿದವರಲ್ಲಿ ಹತ್ತಿರದ ಮನೆ ಪುಟ್ಟರಾಜು ಅವರದು. ಗೊತ್ತುವಳಿ ತಂದ ಪುಣ್ಯಾತ್ಮ ಗೊರಕೆ ಹೊಡೆಯುತ್ತಿದ್ದಾರೆ. ಮರಿಸಿದ್ದಯ್ಯ ಬಾಗಿಲು ಬಡಿಯುತ್ತಾರೆ.

"ಏಳ್ಲಾ ಪುಟ್ರಾಜಾ! ನನ್ನ ತೆಗ್ಯಾಕೆ ನಿಂದೊಂದ್ ಓಟು ಕಮ್ಮಿ ಐತೆ!"

ಪುಟ್ಟರಾಜು ಕಣ್ಣುಜ್ಜಿಕೊಂಡು ಒತ್ತುತ್ತಾರೆ. ಏಳಕ್ಕೆ ಫಲಿತಾಂಶ: ರದ್ದು ಬೇಡ ಅರವತ್ತೈದು, ರದ್ದಾಗಲಿ ಎರಡು. ಕೆಲಸ ಉಳಿಯಿತು. ಮರಿಸಿದ್ದಯ್ಯ ಜಗಲಿಯ ಮೇಲೆ ಕುಸಿದು ಕೂರುತ್ತಾರೆ. ಪಾಪ, ಬೆಳಗಿನಿಂದ ಅವರು ಎಷ್ಟು ಹೆದರಿದ್ದರೆಂದು ಗೊತ್ತಾಗುವುದು ಆಗಲೇ.

"ಒಂದು ನಂದು. ತತ್ವ ತತ್ವಾನೇ" ಎನ್ನುವ ಪುಟ್ಟರಾಜು, ತನ್ನ ತತ್ವಕ್ಕೆ ಊರಲ್ಲಿ ಇನ್ನೊಬ್ಬ ಸಿಕ್ಕನಲ್ಲ ಎಂಬ ಖುಷಿಯಲ್ಲಿ ದಾಖಲೆ ತೆಗೆದು ಹುಡುಕುತ್ತಾರೆ. ಹೆಸರು ಸಿಗುತ್ತದೆ. "ಮರಿಸಿದ್ದಣ್ಣ, ಇದು ನಿಂದೇ ಕಣಣ್ಣೋ!"

ಮರಿಸಿದ್ದಯ್ಯ ತಲೆ ಕೆರೆದುಕೊಳ್ಳುತ್ತಾರೆ. "ಐದ್ ಗಂಟೇಲಿ ನಿದ್ದೆಗಣ್ಣಲ್ಲಿ ಒತ್ಬುಟ್ಟೆ ಕಣ್ಲಾ. ಆಮ್ಯಾಕೆ ಅಳ್ಸಾಕಾಯ್ತದಾ?" ಮೊಪೆಡ್ಡಿಗೆ ಒದ್ದು, ಅದು ಹೊತ್ತಿಕೊಂಡ ಮೇಲೆ ಅವರು ತಮ್ಮ ಆಸೆ ಹೇಳುತ್ತಾರೆ. "ಊರ್ನೆಲ್ಲಾ ನಾನ್ ಎಬ್ಬಿಸ್ತೀನಿ. ನನ್ನ ಎಬ್ಬಿಸಾಕೂ ಒಬ್ಬ ಬೇಕು. ನಾಳೀಕೆ ಅದುನ್ನೇ ಓಟ್ಗಾಕು."