ಎಂಟು ಹಾಡುಗಳ ಮನೆ

ಬೂದಿಕೋಟೆ ಕಡೆಯ ಚೈತ್ರಳನ್ನು ವಸತಿ ಶಾಲೆಯ ಸಂದರ್ಶನಕ್ಕೆ ತಯಾರು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಓದಿದವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ಊರಿನ ನಂಬಿಕೆ. "ಸೀಟ್ ಸಿಗ್ನಿಲ್ಲಾಂದ್ರೆ ಏಳ್ನೇ ಕ್ಲಾಸ್ಗೇ ಇವಳ್ ಓದು ಮುಗೀತು ಸಾ" ಎಂದರು ಅವಳ ತಾಯಿ.

ಹುಡುಗಿ ಚುರುಕು. ಆದರೆ ಬಾಯಲ್ಲಿ 'ಹ' ಹೊರಡುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಸು ಅಸುವಾಗುತ್ತಿತ್ತು. ಎರಡು ವಾರ ಗದರಿಸಿ ತಿದ್ದಿದೆ. ಕೊನೆಗೆ 'ಹ' ಇಲ್ಲದ ಪದ ಕಂಡರೇ ಅವಳಿಗೆ ಅನುಮಾನ ಬರುವಂತಾಯಿತು.

ಶಾಲೆಯಲ್ಲಿ ಮೊದಲು ಹಾಸ್ಟೆಲು, ಲ್ಯಾಬು ತೋರಿಸಿದರು. ಆಮೇಲೆ ಪ್ರಾಂಶುಪಾಲರು ತಾಯಿ, ಮಗಳು, ನಾನು ಮೂವರನ್ನೂ ಕೂರಿಸಿಕೊಂಡು ಹುಡುಗಿಯನ್ನು ಕೇಳಿದರು, "ಅಪ್ಪ ಏನು ಮಾಡ್ತಾರಮ್ಮ?"

"ಹಾಡು ಸಾಕ್ತಾರೆ ಸಾರ್. ಮನೇಲಿ ಎಂಟು ಹಾಡಿವೆ."

"ಸಂತೋಷ. ಒಂದು ಹೇಳು, ಕೇಳೋಣ."

ಹುಡುಗಿ ತಬ್ಬಿಬ್ಬಾದಳು. "ಅವು ಮ್ಯಾ ಅಂತಾವೆ ಸಾರ್, ಅಷ್ಟೇ."

ತಾಯಿಗೆ ತಡೆಯಲಾಗಲಿಲ್ಲ. "ಆಡು ಕಣೇ ಅದು, ಆಡು! ಮೊದ್ಲು ಸರ್ಯಾಗೇ ಯೋಳ್ತಿದ್ದಲ್ಲೇ!"

ಪ್ರಾಂಶುಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಸೀಟು ಕೊಟ್ಟೆವು ಎಂದರು. ನಗು ನಿಂತ ಮೇಲೆ, "ಇವಳಿಗೆ ಕನ್ನಡ ತಿದ್ದಿದವರು ಯಾರು?" ಎಂದು ಕೇಳಿದರು. ನಾನು ಕಿಟಕಿಯಾಚೆಯ ಹಾಸ್ಟೆಲನ್ನು ಎರಡನೇ ಸಲ, ಬಹಳ ಆಸಕ್ತಿಯಿಂದ ನೋಡತೊಡಗಿದೆ.