ಶ್ರೀಲಕ್ಷ್ಮಿಯ ಮೀಟರು

ಅಡಿಲೇಡಿನ ಮಾಡ್ಬರಿಯಲ್ಲಿ ಶ್ರೀಲಕ್ಷ್ಮಿಯ ವರ್ಕ್‌ಶಾಪ್ ಇದೆ. ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾತ್ರ ಮಾಡುತ್ತಾಳೆ. ಆಯಿಲ್ ಬದಲಿಸಲು ಬಂದವರನ್ನು ವಾಪಸು ಕಳಿಸುತ್ತಾಳೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ ಪರ್ತ್‌ಗೆ ಬಂದಾಗ ವಿಲೆಟನ್ನಿನ ಒಂದು ಗ್ಯಾರೇಜು ಅವಳನ್ನು ಫೋನ್ ಎತ್ತುವ ಕೆಲಸಕ್ಕೆ ಇಟ್ಟುಕೊಂಡಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಬ್ರಿಸ್ಬೇನಿಗೆ ಹೋಗಿ, ಅಲ್ಲಿನ ರನ್‌ಕಾರ್ನಿನಲ್ಲಿ ನಾಲ್ಕು ವರ್ಷ ಅಪ್ರೆಂಟಿಸ್ ಆಗಿ ದುಡಿದು ಈ ಕೆಲಸ ಕಲಿತು, ಆಮೇಲೆ ಅಡಿಲೇಡಿಗೆ ಬಂದಳು. ಈಗ ಐವತ್ತೆರಡು. ಇಲ್ಲಿನ ನಮ್ಮ ಕನ್ನಡದವರ ಕೂಟಗಳಲ್ಲಿ ಇಂದಿಗೂ ಅವಳನ್ನು ‘ಮೆಕ್ಯಾನಿಕ್ ಆಂಟಿ’ ಎಂದು ಕರೆದು ನಗುತ್ತಾರೆ. ನಗುವವರೆಲ್ಲ ಎಂಜಿನಿಯರುಗಳು. ಅವರಲ್ಲಿ ಅರ್ಧ ಜನಕ್ಕೆ ತಮ್ಮ ಕಾರಿನ ಬ್ಯಾಟರಿ ಎಲ್ಲಿದೆಯೆಂದು ಗೊತ್ತಿಲ್ಲ.

ಕಳೆದ ಜೂನಿನಲ್ಲಿ ನಾಗೇಂದ್ರನೆಂಬ ಸಾಫ್ಟ್‌ವೇರ್ ಎಂಜಿನಿಯರ್ ಕಾರು ತಂದ. ಅದನ್ನು ಓಡಿಸುವವಳು ಅವನ ಹೆಂಡತಿ, ಡಾಕ್ಟರ್ ಪ್ರಣತಿ. ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಸೋಮವಾರ ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ.

“ಬ್ಯಾಟರಿ ಹೋಗಿದೆ ಆಂಟಿ. ಹೊಸದು ಹಾಕ್ಬಿಡಿ.”

“ನೀವೇ ಟೆಸ್ಟ್ ಮಾಡ್ಬಿಟ್ರಾ?”

“ಯೂಟ್ಯೂಬಲ್ಲಿ ನೋಡ್ದೆ.”

“ಹಾಗಾದ್ರೆ ಯೂಟ್ಯೂಬೇ ಹಾಕ್ಕೊಡತ್ತೆ. ಇಲ್ಲಿಗ್ಯಾಕೆ ಬಂದ್ರಿ?”

ಆದರೂ ಕಾರು ಇರಿಸಿಕೊಂಡು, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕ್ರಮವಾಗಿ ನೋಡಿದಳು. ಬ್ಯಾಟರಿ ಹನ್ನೆರಡೂವರೆ ವೋಲ್ಟ್‌ಗಿಂತ ಮೇಲಿತ್ತು. ಹೆಚ್ಚು ಕರೆಂಟು ಎಳೆದು ನೋಡಿದರೂ ಕುಸಿಯಲಿಲ್ಲ. ಎಂಜಿನ್ ಓಡುವಾಗ ಹದಿನಾಲ್ಕು ದಾಟಿತು, ಅಂದರೆ ಆಲ್ಟರ್ನೇಟರ್ ಅದಕ್ಕೆ ಸರಿಯಾಗಿ ಕರೆಂಟು ತುಂಬುತ್ತಿತ್ತು. ಕೊನೆಗೆ ಕಾರನ್ನು ಲಾಕ್ ಮಾಡಿ, ಒಳಗಿನ ಕಂಪ್ಯೂಟರುಗಳು ಮಲಗಲೆಂದು ಮುಕ್ಕಾಲು ಗಂಟೆ ಕಾದು, ನಿಂತ ಕಾರು ಎಷ್ಟು ಕುಡಿಯುತ್ತದೆಂದು ಅಳೆದಳು. ಮೂವತ್ತು ಮಿಲಿಆಂಪ್. ಅಷ್ಟನ್ನು ಯಾವ ಕಾರಾದರೂ ಕುಡಿಯುತ್ತದೆ.

“ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸರಿಯಿವೆ. ಮನೇಲಿ ನಿಂತಾಗ ಏನೋ ಕರೆಂಟು ಎಳೀತಿರ್ಬೇಕು, ಇಲ್ಲಿ ಕಾಣ್ತಿಲ್ಲ. ಕಾರಿಗೆ ಹೊಸದಾಗಿ ಏನಾದ್ರೂ ಹಾಕ್ಸಿದೀರಾ?”

“ಏನೂ ಇಲ್ಲ ಆಂಟಿ.”

ಎರಡು ವಾರದ ನಂತರ ಮತ್ತೆ ತಂದ. ಮತ್ತೆ ಅದೇ ಮೂವತ್ತು. ಅವನು ಸಿಟ್ಟಾಗಿ ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿದ. ಅದೂ ಸೋಮವಾರ ಸತ್ತಿತ್ತು. ಅಂದೇ ನಾನೂರು ಜನರಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬರೆದ: “ಶ್ರೀಲಕ್ಷ್ಮಿ ಆಂಟಿ ಹತ್ರ ಹೋಗ್ಬೇಡಿ. ಎರಡು ಸಲ ನೋಡಿ ಎಲ್ಲ ಸರಿಯಿದೆ ಅಂದ್ರು. ಕೆಲಸ ಗೊತ್ತಿಲ್ಲ.”

ಅವಳಿಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಆ ಗುಂಪಿನವರವೇ. ಸಂಜೆಯೊಳಗೆ ಏಳು ಜನ ಬರುವುದಿಲ್ಲವೆಂದರು. ಹತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರನ್ನು ಮೂರು ವಾಕ್ಯ ಕೆಡವಿದವು. ಯಾರೊಬ್ಬರೂ ಅವಳನ್ನು ಏನಾಯಿತೆಂದು ಕೇಳಲಿಲ್ಲ.

ಅವಳು ಅಳುವವಳಲ್ಲ. ಭಾನುವಾರ ಬೆಳಗ್ಗೆ ಹೇಳದೆ ಕೇಳದೆ ಮೀಟರು ಹಿಡಿದು ಅವನ ಮನೆಗೇ ಹೋದಳು. ನಾಗೇಂದ್ರ ಕ್ರಿಕೆಟ್ಟಿಗೆ ಹೋಗಿದ್ದ. ಪ್ರಣತಿ ಬಾಗಿಲು ತೆರೆದಳು.

“ಕಾರು ಹೇಗಿದೆಯೋ ಹಾಗೇ ಇರ್ಲಿ, ಏನೂ ಮುಟ್ಬೇಡಿ. ಬಾನೆಟ್ ತೆಗೆದುಕೊಡಿ, ಸಾಕು.”

ಮುಕ್ಕಾಲು ಗಂಟೆ ಕಾದ ಮೇಲೂ ಮೀಟರು ಏಳುನೂರು ತೋರಿಸಿತು. ಶ್ರೀಲಕ್ಷ್ಮಿ ಗಾಜಿನಲ್ಲಿ ಇಣುಕಿದಳು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಗಣಪತಿ, ಎರಡೂ ಪಕ್ಕದಲ್ಲಿ ವಿದ್ಯುತ್ ದೀಪ, ಕೆಳಗೆ ಸಣ್ಣ ದನಿಯಲ್ಲಿ ಮಂತ್ರ ಹೇಳುವ ಡಬ್ಬಿ. ಬಾಗಿಲು ತೆಗೆಸಿ ಅವುಗಳ ವೈರನ್ನು ಪ್ಲಗ್ಗಿನಿಂದ ಕಿತ್ತಳು. ಮತ್ತೆ ಕಾದಾಗ ಮೀಟರು ಮೂವತ್ತಕ್ಕೆ ಇಳಿಯಿತು.

“ಇದು ಎರಡು ಸಲವೂ ನನ್ನ ವರ್ಕ್‌ಶಾಪಿಗೆ ಬಂದಿರ್ಲಿಲ್ಲ.”

ಪ್ರಣತಿ ನೆಲ ನೋಡಿದಳು. “ಕಾರು ಆಫ್ ಮಾಡಿದ್ರೆ ದೀಪ ಆರತ್ತೆ ಅಂತ ಇವರು ನೇರ ಬ್ಯಾಟರಿಗೇ ವೈರು ಕೊಡ್ಸಿದಾರೆ. ನಂದಾದೀಪ ಅಂತೆ. ಗ್ಯಾರೇಜಿಗೆ ಹೋಗೋವಾಗ ಮೈಲಿಗೆ ಅಂತ ದೇವರಮನೇಲಿ ಇಟ್ಟು ಹೋಗ್ತಾರೆ. ಅದೂ ನೀವು ಹೆಂಗಸ್ರು… ಯಾವ ದಿನವೋ ಏನೋ ಅಂತ…”

“ನಂಗೆ ಮುಟ್ಟು ನಿಂತು ಮೂರು ವರ್ಷ ಆಯ್ತು. ಕೇಳಿದ್ದಿದ್ರೆ ಹೇಳ್ತಿದ್ದೆ.”

ಅಷ್ಟರಲ್ಲಿ ನಾಗೇಂದ್ರ ಬಂದ. ಕಿತ್ತ ವೈರು ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

“ಸಾರಿ ಆಂಟಿ. ಆ ಮೆಸೇಜ್ ಡಿಲೀಟ್ ಮಾಡ್ಬಿಡ್ತೀನಿ.”

“ಬೇಡ. ನಾನೂರು ಜನ ಓದಾಯ್ತು. ಏನಾಗಿತ್ತು ಅಂತ ಅಲ್ಲೇ ಬರೀರಿ.”

“ದೇವರ ವಿಷಯ ಆಂಟಿ. ಆಡ್ಕೋತಾರೆ.”

“ನನ್ನ ಆಡ್ಕೊಂಡಾಗ ನಿಮಗೇನೂ ಅನಿಸ್ಲಿಲ್ವಲ್ಲ?”

ಮಧ್ಯಾಹ್ನ ಅವನು ಬರೆದದ್ದು ಇಷ್ಟು: “ಪ್ರಾಬ್ಲಮ್ ಸಾಲ್ವ್ ಆಯ್ತು. ಎಲ್ರಿಗೂ ಥ್ಯಾಂಕ್ಸ್.” ಜೊತೆಗೆ ಮುಗಿದ ಕೈಗಳ ಚಿತ್ರ. ತಪ್ಪಿದ ಹೆಜ್ಜೆಯನ್ನು ಅಳಿಸಿ ಉತ್ತರ ಮಾತ್ರ ತೋರಿಸುವವರನ್ನು ನಾನು ಮೂವತ್ತು ವರ್ಷ ಗಣಿತ ಕಲಿಸಿದ ಕ್ಲಾಸಿನಲ್ಲಿ ಕಂಡಿದ್ದೇನೆ, ಸೊನ್ನೆ ಕೊಟ್ಟಿದ್ದೇನೆ.

ಅದರ ಕೆಳಗೇ ಪ್ರಣತಿ ಬರೆದಳು. ದೀಪ, ಡಬ್ಬಿ, ಏಳುನೂರು, ಮೂವತ್ತು, ದೇವರಮನೆ, ‘ಯಾವ ದಿನವೋ’ ಎಂಬ ಮಾತು, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ, “ಶ್ರೀಲಕ್ಷ್ಮಿಯವರು ಮೊದಲ ದಿನ ಹೇಳಿದ್ದು ಸರಿಯಾಗಿತ್ತು. ಸುಳ್ಳು ಹೇಳಿದ್ದು ನಮ್ಮ ಮನೆಯವರು.”

ಹೋದ ಏಳು ಜನರಲ್ಲಿ ಐವರು ವಾಪಸು ಬಂದರು. ಕ್ಷಮೆ ಕೇಳಿದವರು ಒಬ್ಬರೂ ಇಲ್ಲ.

ಈಗ ಶ್ರೀಲಕ್ಷ್ಮಿ ಬಾನೆಟ್ ತೆರೆಯುವ ಮೊದಲು ಕೇಳುತ್ತಾಳೆ: “ಕಾರಿಂದ ಏನೇನು ತೆಗೆದಿಟ್ಟು ಬಂದಿದೀರಿ?” ಮೊನ್ನೆ ಒಬ್ಬ ತಡವರಿಸಿದ.

“ಮನೆಗೆ ಹೋಗಿ ತಗೊಂಬನ್ನಿ,” ಎಂದು ಅವನ ಕೈಗೆ ಕೀಲಿ ವಾಪಸು ಕೊಟ್ಟಳು.