ಬೆಳ್ಳಿ ಗಣಿಯಲ್ಲಿ ತಲೆ ಎಣಿಕೆ

ಶಹರ್ ಬಾನು ಲಿಫ್ಟ್ ಹತ್ತುವುದಿಲ್ಲ ಎಂಬುದು ಮ್ಯಾನ್‌ಹೈಮಿನ ಅವಳ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಕೇಳಿದರೆ ‘ವ್ಯಾಯಾಮ’ ಎಂದು ಹಲ್ಲು ಕಿರಿಯುತ್ತಾಳೆ. ಮೇಲಿನ ಮಹಡಿಯವರೆಗೆ ಏದುಸಿರು ಬಿಡುತ್ತ ಹತ್ತಿ ಬಂದು, ಏನೂ ಆಗದವಳಂತೆ ಕುರ್ಚಿಯಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾಳೆ. ಅದೇ ಅವಳ ಉದ್ಯೋಗ. ಅಬ್ಬಾ, ಆ ಕೆಲಸದಲ್ಲಿ ಅವಳ ಕಣ್ಣು ತಪ್ಪಿಸಿ ಹೋಗುವುದು ಅಷ್ಟು ಸುಲಭವಲ್ಲ!

ಹೂವಿನಹಡಗಲಿಯ ನದಾಫರ ಮನೆಯ ಹುಡುಗಿ ಅವಳು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಹತ್ತಿ ಮೂಟೆಗಳ ಸಂದಿಯಲ್ಲಿ ಅಡಗಿದ್ದಳು. ಮೇಲಿನ ಮೂಟೆ ಜಾರಿ ಬಿತ್ತು. ಬಾಯಲ್ಲೂ ಹತ್ತಿ, ಮೂಗಲ್ಲೂ ಹತ್ತಿ. ಕೂಗಿದ್ದು ಅವಳ ಕಿವಿಗೇ ಕೇಳಲಿಲ್ಲ. ಕಡೆಗೆ ಯಾರೋ ಕಾಲು ಹಿಡಿದು ಎಳೆದು ಹಾಕಿದರು. ಆವತ್ತು ಎದೆಯೊಳಗೆ ಹೊಕ್ಕ ಅಂಜಿಕೆ ಮಾತ್ರ ಹೊರಗೆ ಬರಲಿಲ್ಲ; ಓದು, ನೌಕರಿ, ಮದುವೆ, ವೀಸಾ ಎಲ್ಲ ದಾಟಿಕೊಂಡು ಜರ್ಮನಿಗೂ ಅವಳ ಹಿಂದೆಯೇ ಬಂತು. ಗಂಡ ಖಾಸಿಂನನ್ನು ಬಿಟ್ಟರೆ ಇನ್ನಾರಿಗೂ ಅವಳು ಇದನ್ನು ಹೇಳಿಕೊಂಡಿಲ್ಲ.

ಇಂಥವಳು ಬೆಳ್ಳಿ ಗಣಿಯೊಳಗೆ ಇಳಿಯಲು ಒಪ್ಪಿದ್ದಾದರೂ ಯಾಕೆ? ಮಗಳಿಗಾಗಿ. ಅಮ್ನಾ ಈಗ ಮೂರನೇ ಕ್ಲಾಸು. ಹೋದ ತಿಂಗಳು ಅಂಗಡಿಯೊಂದರಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಆ ಹುಡುಗಿ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಶಹರ್ ಬಾನು ಮಗಳ ಕೈ ಹಿಡಿದು ಮೆಟ್ಟಿಲ ಕಡೆ ನಡೆದಳು. ನನ್ನ ಮೂಗು, ನನ್ನ ಗುಂಗುರು ಕೂದಲು ಕೊಟ್ಟದ್ದು ಸಾಲದೆಂದು ಇದನ್ನೂ ಕೊಟ್ಟುಬಿಟ್ಟೆನೇ? ಶಾಲೆಯವರು ಬೆಟ್ಟದ ಹಳೇ ಗಣಿ ನೋಡಲು ಮಕ್ಕಳನ್ನು ಕರೆದೊಯ್ಯುತ್ತೇವೆ, ಪೋಷಕರಲ್ಲಿ ಒಬ್ಬರು ಬೆಗ್ಲೈಟ್‌ಪೆರ್ಸೋನ್ ಆಗಿ ಜೊತೆಗೆ ಬೇಕು ಎಂದಾಗ, ಹಿಂದುಮುಂದು ನೋಡದೆ ಕೈಯೆತ್ತಿಬಿಟ್ಟಳು.

“ತಲಿ ಕೆಟ್ಟೈತೇನು ನಿನಗ?” ಎಂದ ಖಾಸಿಂ. “ಬೇಕಾದ್ರ ನಾನು ಕೆಲಸಕ್ಕ ಉರ್ಲಾವ್ಬ್ ಹಾಕಿ ಹೋಗ್ತೀನಿ.”

“ನೀವು ಹೋದ್ರ ಏನು ಬಂತು? ನಾನು ಒಳಗ ಹೋಗೋದನ್ನ ಅಕಿ ನೋಡಬೇಕು.”

ಬಸ್ಸಿನಲ್ಲಿ ಮಗಳ ಕಿವಿಯಲ್ಲಿ ಹೇಳಿದಳು. “ನೋಡವ್ವಾ, ಒಳಗ ಅಂಜಿಕಿ ಆದ್ರೂ ಯಾರ ಮುಂದೂ ತೋರಿಸಬ್ಯಾಡ. ಅಳಬ್ಯಾಡ, ಕೂಗಬ್ಯಾಡ. ನಾವು ಗಟ್ಟಿ ಮಂದಿ.”

“ಓಕೆ,” ಎಂದಳು ಅಮ್ನಾ, ಕಿಟಕಿಯಾಚೆ ನೋಡುತ್ತ.

ಗಣಿಯ ಬಾಯಿಗೇ ತಾಗಿಕೊಂಡು ಮ್ಯೂಸಿಯಂ. ಗಾಜಿನೊಳಗೆ ಇಟ್ಟಿದ್ದ ಬೆಳ್ಳಿಯ ಅದಿರು ನೋಡಿದರೆ ಮಸಿ ಬಳಿದ ಕಲ್ಲು. ಇದಕ್ಕಾಗಿ ಜನ ಬೆಟ್ಟ ಕೊರೆದರೇ ಎನ್ನಿಸುವಂಥದು. ಸುತ್ತಿಗೆ, ಉಳಿ, ಎಣ್ಣೆ ದೀಪ, ಒದ್ದೆ ಕಲ್ಲಿನ ಮೇಲೆ ಕೂರಲೆಂದು ಹಿಂದುಗಡೆ ಕಟ್ಟಿಕೊಳ್ಳುತ್ತಿದ್ದ ತೊಗಲು. ಅದನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕವು. ಶಹರ್ ಬಾನು ನಗಲಿಲ್ಲ. ಬೆಟ್ಟವನ್ನು ಅರ್ಧಕ್ಕೆ ಸೀಳಿದಂತೆ ಮಾಡಿಟ್ಟ ಮರದ ಮಾದರಿಯೊಂದು ಅವಳೆದುರಿಗಿತ್ತು. ಇಲಿ ಬಿಲದಂಥ ದಾರಿಗಳಲ್ಲಿ ಬೆರಳುದ್ದದ ಮನುಷ್ಯರು ಹೊಟ್ಟೆಯ ಮೇಲೆ ತೆವಳುತ್ತಿದ್ದರು.

ಗೈಡ್ ಬಿಳಿ ಗಡ್ಡದ ಮುದುಕ. ಎಲ್ಲರ ತಲೆಗೂ ಹೆಲ್ಮೆಟ್ ಇಟ್ಟು “ಗ್ಲುಕ್ ಆವ್ಫ್!” ಎಂದ. ಗಣಿಗೆ ಇಳಿಯುವವರು ಕ್ಷೇಮವಾಗಿ ಮೇಲೆ ಬರಲಿ ಎಂಬ ಹಾರೈಕೆಯಂತೆ. ಹಾರೈಸಬೇಕಾಗಿ ಬಂತೆಂದರೆ ಬಾರದೆ ಹೋದವರೂ ಇದ್ದರು ಎಂದಾಯಿತಲ್ಲ, ಯಾ ಅಲ್ಲಾ! ಮುಂದೆ ಗೈಡ್ ಮತ್ತು ಟೀಚರ್, ನಡುವೆ ಮಕ್ಕಳು, ಕಟ್ಟಕಡೆಗೆ ಶಹರ್ ಬಾನು. “ಪ್ರತಿ ಬಾಗಿಲಲ್ಲಿ ನಾನು ಕೇಳುತ್ತೇನೆ. ನೀವು ಮಕ್ಕಳನ್ನು ಎಣಿಸಿ ಹೇಳಬೇಕು. ಆಮೇಲೆಯೇ ಬಾಗಿಲು ಹಾಕುವುದು,” ಎಂದು ಗೈಡ್ ಅವಳಿಗೆ ಹೇಳಿದ.

ಮೊದಲ ಬಾಗಿಲಲ್ಲಿ ಅವನು “ಆಲ್ಲೆ ಡಾ?” ಎಂದು ಕೂಗಿದ. ಎಲ್ಲ ಇದ್ದಾರೆಯೇ ಎಂದು. ಶಹರ್ ಬಾನು ಹತ್ತೊಂಬತ್ತು ತಲೆ ಎಣಿಸಿದಳು. ತನ್ನ ಕೈ ಹಿಡಿದು ನಿಂತಿದ್ದ ಅಮ್ನಾಳನ್ನು ಬಿಟ್ಟು. ಹಡಗಲಿಯ ಆ ಮನೆಯಲ್ಲಿ ತಾಯಿ ತಾನು ಹೆತ್ತದ್ದನ್ನು ಎಣಿಸುವುದಿಲ್ಲ. ಎಣಿಸಿದರೆ ನೆದರು, ಕೆಟ್ಟ ದೃಷ್ಟಿ, ತಾಗುತ್ತದೆ. ಅವಳ ಅವ್ವ ಊಟಕ್ಕೆ ಕೂತ ಮಕ್ಕಳಿಗೆ ಮುಖ ನೋಡಿ ರೊಟ್ಟಿ ಹಾಕಿದಳೇ ಹೊರತು ಒಂದು ದಿನವೂ ತಲೆ ಎಣಿಸಲಿಲ್ಲ. ಶಹರ್ ಬಾನು ಇಂಜಿನಿಯರಿಂಗ್ ಓದಿದ್ದಾಳೆ ನಿಜ. ಓದಿದರೇನಂತೆ, ನಾಲಿಗೆ ಏಳಬೇಕಲ್ಲ! ‘ಹತ್ತೊಂಬತ್ತು, ಮತ್ತೆ ನನ್ನದೊಂದು’ ಎಂದುಕೊಂಡು “ಆಲ್ಲೆ ಡಾ” ಎಂದಳು.

ಅಲ್ಲಿಂದ ದಾರಿ ಕಿರಿದಾಯಿತು. ಒಬ್ಬೊಬ್ಬರೇ ಹೋಗಬೇಕು. ಅಮ್ನಾ ಕೈ ಬಿಡಿಸಿಕೊಂಡು ಮುಂದೆ ನಡೆದಳು. ಎರಡೂ ಕಡೆಯ ಕಲ್ಲು ಭುಜಕ್ಕೆ ಉಜ್ಜುತ್ತಿತ್ತು, ಮೇಲಿನದು ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿತ್ತು. ಗೋಡೆಯ ದೀಪಗಳು ಮಂಕು. ಶಹರ್ ಬಾನುವಿನ ಬಾಯಲ್ಲಿ ಮತ್ತೆ ಹತ್ತಿ ತುಂಬಿದಂತಾಗಿ, ಬಿಟ್ಟ ಉಸಿರು ವಾಪಸು ಬರಲಿಲ್ಲ. ಸತ್ತೆ, ಇಲ್ಲೇ ಸತ್ತೆ ಎಂದುಕೊಂಡು ಕಣ್ಣು ಮುಚ್ಚಿದಳು. ಎಡಗೋಡೆ ತಡವುತ್ತ, ಬಾಯಲ್ಲೇ ಕಲ್ಮಾ ಹೇಳಿಕೊಳ್ಳುತ್ತ, ಹೇಗೋ ಆ ಸಂದಿಯನ್ನು ದಾಟಿ ಹಜಾರದಂಥ ಜಾಗಕ್ಕೆ ಬಂದು ಬಿದ್ದಳು.

“ಆಲ್ಲೆ ಡಾ?” ಎಂದ ಗೈಡ್, ಎರಡನೆಯ ಕಬ್ಬಿಣದ ಬಾಗಿಲು ಹಿಡಿದು.

ಮಂಜುಗಣ್ಣಲ್ಲೇ ಎಣಿಸಿದಳು. ಹತ್ತೊಂಬತ್ತು. ನನ್ನದು ಮುಂದೆಯೇ ಬಂತಲ್ಲ, ಇಲ್ಲೇ ಗುಂಪಿನಲ್ಲಿ ಇರುತ್ತದೆ. “ಆಲ್ಲೆ ಡಾ!”

ಬಾಗಿಲು ಮುಚ್ಚಿತು. ಹಳೇ ಕಾಲದವರ ಕತ್ತಲೆ ಹೇಗಿತ್ತು ನೋಡಿ ಎನ್ನುತ್ತ ಮುದುಕ ಮೇನ್ ಸ್ವಿಚ್ ಆರಿಸಿದ. ಒಳಗೂ ಕತ್ತಲೆ, ಹಿಂದಿನ ಸಂದಿಯಲ್ಲೂ ಕತ್ತಲೆ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಮಕ್ಕಳು ಕಿಸಕ್ ಎಂದವು, ಆಮೇಲೆ ಅವೂ ಸುಮ್ಮನಾದವು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

ದೀಪ ಬಂತು. ಶಹರ್ ಬಾನು ಮಗಳ ಕೆಂಪು ಜಾಕೆಟ್ಟಿಗಾಗಿ ಹುಡುಕಿದಳು. ಇಲ್ಲ. ಮತ್ತೆ ನೋಡಿದಳು. ಇಲ್ಲ.

“ನನ್ನ ಮಗಳು,” ಎಂದಳು ಜರ್ಮನ್ನಿನಲ್ಲಿ. “ನನ್ನ ಮಗಳಿಲ್ಲ!”

“ಈಗ ತಾನೇ ಎಣಿಸಿದಿರಲ್ಲ?” ಎಂದ ಗೈಡ್. ಮುಖ ಬಿಳಿಚಿಕೊಂಡಿತು. ಬಾಗಿಲಿಗೆ ಓಡಿ ಚಿಲಕ ತೆಗೆದ. ಅವನು ಒಳಗೆ ಕಾಲಿಡುವ ಮೊದಲೇ ಶಹರ್ ಬಾನು ಅವನನ್ನು ಪಕ್ಕಕ್ಕೆ ನೂಕಿ ಆ ಸಂದಿಗೆ ನುಗ್ಗಿದಳು.

ಈ ಸಲ ಕಣ್ಣು ಮುಚ್ಚುವಂತಿರಲಿಲ್ಲ. ಕಲ್ಲು ಎದೆ ಒತ್ತಿತು, ಉಸಿರು ಸಿಕ್ಕಿಕೊಂಡಿತು, ಮಂಡಿ ಕಲ್ಲಿಗೆ ಬಡಿಯಿತು. ದೇವರೇ, ಒಳಗೆ ಆಳವಾದ ಗುಂಡಿಗಳಿವೆ ಎಂದಿದ್ದನಲ್ಲ ಆ ಮುದುಕ! ಬರುವಾಗ ಕೈ ತಾಗಿಸದ ಕಡೆಯ ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟು ಕೊರೆದ ಗೂಡೊಂದಿತ್ತು. ಅದರ ಮುಂದೆ, ಕಲ್ಲಿಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು ಅಮ್ನಾ. ಕೆನ್ನೆ ಪೂರ್ತಿ ತೊಯ್ದಿತ್ತು.

“ಯಾಕ ಕೂಗಲಿಲ್ಲ? ಯಾಕವ್ವಾ ಕೂಗಲಿಲ್ಲ?”

ಹುಡುಗಿ ಕೈ ಒಂದಿಷ್ಟು ಸಡಿಲಿಸಿದಳು. “ನೀನೇ ಬ್ಯಾಡ ಅಂದಿ. ನಂಗೆ ಆಂಗ್ಸ್ಟ್ ಆಯ್ತು, ಭಾಳ ಅಂಜಿಕಿ, ಇಲ್ಲಿ ನಿಂತೆ. ನೀನು ಪಾಸ್ ಆಗಿ ಹೋದಿ. ಕಣ್ಣು ಮುಚ್ಚಿದ್ದಿ.” ಬಿಕ್ಕಿದಳು. “ಆಮೇಲೆ ನಾನು ಬರ್ತಿದ್ದೆ. ಅವ್ರು ಕೇಳಿದ್ರು. ನೀನು ಆಲ್ಲೆ ಡಾ ಅಂದಿ. ಆದ್ರೆ ನಾನು ಇಲ್ಲಿದ್ದೆ, ಅಮ್ಮಾ.”

ಕತ್ತಲೆಯಾಗುವ ಮೊದಲು ಮಗು ಕಡೆಯದಾಗಿ ಕೇಳಿದ್ದು ತಾಯಿಯ ದನಿಯನ್ನೇ.

“ಎಲ್ಲಾರನ್ನೂ ಎಣಿಸಿದೆ. ನಿನ್ನೊಬ್ಬಾಕಿನ್ನ ಎಣಿಸಲಿಲ್ಲ. ಎಣಿಸಿದ್ರ ನಿನಗ ಏನಾರ ಆಗ್ತೈತಿ ಅಂತ…”

“ಎಣಿಸದಿದ್ರೆ?” ಎಂದಳು ಅಮ್ನಾ.

ಆ ಕಡೆಯಿಂದ ಗೈಡ್ ಕೂಗುತ್ತಿದ್ದ. ಸಿಕ್ಕಳೇ? ಎಲ್ಲ ಸರಿಯಿದೆಯೇ? ಬಾಗಿಲಲ್ಲಿ ಟೀಚರೂ ಮಕ್ಕಳೂ ಕಿವಿಗೊಟ್ಟು ನಿಂತಿದ್ದರು. ಶಹರ್ ಬಾನು ಮಗಳನ್ನು ಅವಚಿಕೊಂಡು, ಅಷ್ಟೂ ಜನಕ್ಕೆ ಕೇಳುವ ಹಾಗೆ ಜರ್ಮನ್ನಿನಲ್ಲಿ ಕೂಗಿ ಹೇಳಿದಳು.

“ಸಿಕ್ಕಳು! ಆದರೆ ನನಗೆ ತುಂಬಾ ಭಯವಾಗುತ್ತಿದೆ. ಕಾಲು ಏಳುತ್ತಿಲ್ಲ. ಯಾರಾದರೂ ಬನ್ನಿ!”

ಅಮ್ನಾ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಆಮೇಲೆ ಬಾಯಿಯ ಮೇಲಿನ ಎರಡೂ ಕೈ ತೆಗೆದು, ಗಣಿಯೆಲ್ಲ ಕೇಳುವಂತೆ ಜೋರಾಗಿ ಅಳತೊಡಗಿದಳು.